ಶಿದ್ರಾಮಪ್ಪನ ಬೆರಳು

ಜಮಖಂಡಿಯ ಶಿದ್ರಾಮಪ್ಪ ಬಡಿಗೇರ ಮೂವತ್ತೆಂಟು ವರ್ಷ ಕಟ್ಟಿಗೆಯೊಂದಿಗೇ ಬದುಕಿದವನು. ಹಲಗೆಯ ಮೇಲೆ ಕೈಯಾಡಿಸಿ ಎಲ್ಲಿ ಉಬ್ಬು, ಎಲ್ಲಿ ತಗ್ಗು ಎಂದು ಕಣ್ಣು ಮುಚ್ಚಿಕೊಂಡೇ ಹೇಳುತ್ತಿದ್ದ. ಹೋದ ದೀಪಾವಳಿಯ ಹೊತ್ತಿಗೆ ಬೆರಳ ತುದಿಗಳು ಜುಮ್ಮೆನ್ನತೊಡಗಿದವು. ಯುಗಾದಿಗೆ ಅದೂ ನಿಂತಿತು. ಚಹದ ಕಪ್ಪು ಹಿಡಿದರೆ ಬಿಸಿ ತಿಳಿಯುತ್ತಿರಲಿಲ್ಲ. ಸಕ್ಕರೆ ಕಾಯಿಲೆ ನರಗಳಿಗೆ ಇಳಿದಿದೆ ಎಂದರು ಡಾಕ್ಟರು. ಹೆಂಡತಿ ಮುತ್ತವ್ವನಿಗೂ ಅವನು ಹೇಳಲಿಲ್ಲ. ಸುದ್ದಿ ಹಬ್ಬಿದರೆ ಕೆಲಸ ಯಾರು ಕೊಟ್ಟಾರು?

ಅಂದಿನಿಂದ ಎಲ್ಲರ ಮುಂದೆಯೂ ಲ್ಯಾಮಿನೇಟನ್ನೇ ಹೊಗಳತೊಡಗಿದ. ಅದು ಕಾರ್ಖಾನೆಯಿಂದಲೇ ನುಣುಪಾಗಿ ಬರುವ ಹಾಳೆ. ಅಳತೆಗೆ ಕತ್ತರಿಸಿ ಅಂಟಿಸಿದರಾಯಿತು. ವೆನೀರ್ ಹಾಗಲ್ಲ. ನಿಜವಾದ ಸಾಗವಾನಿಯನ್ನೇ ಕಾಗದದಷ್ಟು ತೆಳ್ಳಗೆ ಸೀಳಿದ ಪದರ. ಪಾಲಿಶ್‌ಗೆ ಮೊದಲು ಉಜ್ಜುವಾಗ ಕೈ ಒಂದಿಷ್ಟು ಹೆಚ್ಚಾದರೂ ಪದರ ಸವೆದು ಕೆಳಗಿನ ಪ್ಲೈವುಡ್ ಇಣುಕುತ್ತದೆ. ಎಲ್ಲಿ ನಿಲ್ಲಿಸಬೇಕೆಂಬುದು ಬೆರಳಿಗೇ ಗೊತ್ತು.

ಬನಹಟ್ಟಿಯ ತಾಯವ್ವ ಮಾತ್ರ ಅವನ ಮಾತು ಕೇಳಲಿಲ್ಲ. ಐವತ್ತು ವರ್ಷ ಕೈಮಗ್ಗದಲ್ಲಿ ಸೀರೆ ನೇಯ್ದ ಮುದುಕಿ, ತಾನು ನೇಯ್ದು ಉಳಿಸಿಕೊಂಡ ಸೀರೆಗಳಿಗೆಂದು ಕಪಾಟು ಮಾಡಿಸುತ್ತಿದ್ದಳು.

"ಲ್ಯಾಮಿನೇಟ್ ಹಚ್ಚಸ್ರಿ ಅವ್ವಾರ. ನೀರ ಬಿದ್ರೂ ಒರಸಿದ್ರ ಆತು, ಲಗೂನ ಗೀರ ಬೀಳಂಗಿಲ್ಲ."

"ಅದು ಕಟ್ಟಿಗಿ ಚಿತ್ರ. ನನಗ ಖರೇ ಕಟ್ಟಿಗಿನ ಬೇಕು. ನಿನ್ನ ಕೈ ಛಲೋ ಅಂತ ಕೇಳೇನಿ ತಮ್ಮಾ."

ಒಲ್ಲೆನೆಂದರೆ ಕಾರಣ ಹೇಳಬೇಕಿತ್ತು. ಒಪ್ಪಿಕೊಂಡ.

ಕಪಾಟಿನ ಎರಡು ಬಾಗಿಲು ಕಣ್ಣಳತೆಯಲ್ಲೇ ಮುಗಿದವು. ನಾಲ್ಕು ಸಲ ಉಜ್ಜುವುದು, ಬೆಳಕಿಗೆ ಬಗ್ಗಿ ನೋಡುವುದು, ಮತ್ತೆ ಉಜ್ಜುವುದು. ಅಂಗಿ ಬೆವರಿಗೆ ಮೈಗಂಟಿತ್ತು. ಮೂರನೆಯ ಬಾಗಿಲಿನ ಮೇಲೆ ಕಪ್ಪು ಗೆರೆಯೊಂದು ಕಂಡಿತು. ಒರೆಸಿದ; ಅಗಲವಾಯಿತು. ಇನ್ನಷ್ಟು ಒರೆಸಿದ, ಕೆಂಪಾಯಿತು. ಕಟ್ಟಿಗೆಯ ಸಿಬಿರು ಹೊಕ್ಕು ಅವನ ಬೆರಳೇ ಸೀಳಿತ್ತು. ಯಾವಾಗ ಹೊಕ್ಕಿತೋ ತಿಳಿದಿರಲಿಲ್ಲ.

"ಅಯ್ಯ, ರಕ್ತ ಸುರಿಯಾಕತ್ತೈತಿ! ನಿನಗ ಗೊತ್ತಾಗ್ಲಿಲ್ಲೇನು?" ತಾಯವ್ವ ಕೋಣೆಯ ಹೊಸ್ತಿಲಲ್ಲಿ ನಿಂತಿದ್ದಳು.

ಸುಳ್ಳು ಹೇಳಲು ಬಾಯಿ ತೆರೆದ. ಆಮೇಲೆ ರಕ್ತದ ಬೆರಳನ್ನು ಅವಳ ಮುಂದೆ ಹಿಡಿದ. "ಇಲ್ರೀ ಅವ್ವಾರ. ನನ್ನ ಬೆರಳ ಸತ್ತಾವ್ರಿ."

ಹೋಗೆನ್ನುತ್ತಾಳೆಂದು ಕಾದ. ಅವಳು ಹಳೆಯ ಅರಿವೆ ಹರಿದು ಬೆರಳಿಗೆ ಸುತ್ತಿದಳು. ಆಮೇಲೆ ಬಾಗಿಲಿನ ಮೇಲೆ ಕೈಯಿಟ್ಟು ಮೆಲ್ಲಗೆ ಸವರಿದಳು.

"ಇಲ್ಲಿ ಇನ್ನಾ ತರಿ ಐತಿ. ಇಲ್ಲಿ ಸಾಕು, ಮುಟ್ಟಬ್ಯಾಡ."

ನೂಲಿನೆಳೆಯ ಗಂಟನ್ನು ಕತ್ತಲಲ್ಲೂ ಹುಡುಕುತ್ತಿದ್ದ ಬೆರಳು ಅವು. ಕಲೆಯಾದ ಬಾಗಿಲಿಗೆ ಹೊಸ ವೆನೀರ್ ಹಚ್ಚಿದರು. ಅವನು ಉಜ್ಜಿದ, ಅವಳು ಮುಟ್ಟಿ ಹೇಳಿದಳು. ನಾಲ್ಕು ದಿನಕ್ಕೆ ಕಪಾಟು ನಿಂತಿತು.

ಅವನು ಹೆಂಡತಿಗೂ ಹೇಳಿಲ್ಲವೆಂದು ಮಾತಿನಲ್ಲಿ ತಿಳಿದಿದ್ದ ತಾಯವ್ವ ಕೊನೆಯ ದಿನ, "ಇನ್ನರ ಹೇಂತಿಗಿ ಹೇಳು" ಎಂದಿದ್ದಳು. ಸಂಜೆ ಮನೆಗೆ ಬಂದು ಹೇಳಿದ. ಮುತ್ತವ್ವ ಅಳಲಿಲ್ಲ, ಬೈಯಲೂ ಇಲ್ಲ. "ಕಾಲ ತೋರಸ್ರಿ" ಎಂದಳು. ಅವಳ ತಂದೆಗೂ ಇದೇ ಕಾಯಿಲೆಯಿತ್ತು; ಅವನಿಗೆ ಮೊದಲು ಮರಗಟ್ಟಿದ್ದು ಕಾಲೇ. ಅಂಗಾಲನ್ನು ಬೆಳಕಿಗೆ ಹಿಡಿದಳು. ಹಿಮ್ಮಡಿಯ ಬಳಿ ಸಣ್ಣ ಮೊಳೆಯೊಂದು ಹೊಕ್ಕು ಸುತ್ತಲೂ ಕಪ್ಪಾಗಿತ್ತು.

"ಎಷ್ಟು ದಿನಾ ಆತ್ರಿ?"

ಅವನಿಗೆ ಗೊತ್ತಿರಲಿಲ್ಲ. ಆಗಲೇ ಆಟೋ ಕರೆದು ಇಬ್ಬರೂ ದವಾಖಾನೆಗೆ ಹೊರಟರು. ದಾರಿಯುದ್ದಕ್ಕೂ ಮುತ್ತವ್ವ ಅವನ ಕೈ ಗಟ್ಟಿಯಾಗಿ ಹಿಡಿದಿದ್ದಳು. ಹಿಡಿದಿದ್ದು ಅವನಿಗೆ ಕಾಣುತ್ತಿತ್ತು, ಅಷ್ಟೆ.