ರಂಪೈ ಬರೆದ ಬೆನ್ನುಗಳು

ನೋಂಗ್‌ಖಾಯ್ ಊರಿನ ರಂಪೈ ಬರೆಯುವುದು ಹೆಂಗಸರನ್ನು ಮಾತ್ರ, ಅದೂ ಹಿಂದಿನಿಂದ. ಆಳೆತ್ತರದ ಕ್ಯಾನ್ವಾಸಿನ ತುಂಬ ಅಗಲವಾದ ಬೆನ್ನು, ಬೆವರಿಗೆ ಅಂಟಿದ ರವಿಕೆ, ಕತ್ತಿಗೆ ಜಾರಿದ ತುರುಬು. ಇದು ಮೌನದ ಪ್ರತಿಭಟನೆ ಎಂದು ಬ್ಯಾಂಕಾಕಿನ ಪಂಡಿತರು ಪುಟಗಟ್ಟಲೆ ಬರೆದರು. ಪ್ರತಿಭಟನೆಯೂ ಇಲ್ಲ, ಮಣ್ಣಂಗಟ್ಟಿಯೂ ಇಲ್ಲ. ಅವಳ ಅವ್ವ ಬುಂಜೋಮ್ ಬೀದಿಗೆ ಮುಖ ಮಾಡಿ ಕೋಳಿ ಸುಟ್ಟು ಮಾರುತ್ತಿದ್ದಳು; ಮಗಳು ಹಿಂದೆ ಇದ್ದಿಲ ಚೀಲದ ಮೇಲೆ ಕೂತು ಬೆಳೆದಳು. ಅಷ್ಟೇ.

ಈಗ ಅವ್ವನ ಲಿವರಿನಲ್ಲಿ ಗಡ್ಡೆ. ಆಸ್ಪತ್ರೆಯವರು ಕೈಚೆಲ್ಲಿ ಮನೆಗೆ ಕಳಿಸಿದ್ದರು.

“ಹೆಣದ ಪೆಟ್ಟಿಗೆ ಮುಂದೆ ಇಡೋಕೆ ನನ್ನ ಮುಖ ಬರಿಯೇ,” ಎಂದಳು ಅವ್ವ. “ಗುರುತಿನ ಚೀಟೀದು ಬೇಡ, ಅದ್ರಲ್ಲಿ ಕೋಳಿ ಕದ್ದೋಳ ಥರ ಇದೀನಿ. ಈಗಿನ ಮೋರೆನೂ ಬೇಡ. ನಲವತ್ತರಲ್ಲಿ ಇದ್ನಲ್ಲ, ಕೆನ್ನೆ ತುಂಬ್ಕೊಂಡು, ಹಂಗೆ ಬರಿ.”

ರಂಪೈ ಇದ್ದಿಲ ಕಡ್ಡಿ ಹಿಡಿದು ಕೂತಳು. ಬೆನ್ನಾದರೆ ಕಣ್ಣು ಮುಚ್ಚಿ ಬರೆದಾಳು, ಮುಖ ಬರಲಿಲ್ಲ. ಮನೆಯ ಫೋಟೊಗಳನ್ನು ಮೆಕಾಂಗ್ ನದಿಯ ನೆರೆ ಎಂದೋ ನುಂಗಿತ್ತು. ಗಾಬರಿಯಾಗಿ ಅವ್ವನ ಪಕ್ಕದಲ್ಲೇ ಹಸಿ ಪಪ್ಪಾಯಿಯ ಕೋಸಂಬರಿ ಕುಟ್ಟಿ ಮಾರುತ್ತಿದ್ದ ಸೊಂಚಿತ್ ಚಿಕ್ಕಮ್ಮನ ಹತ್ತಿರ ಓಡಿದಳು.

“ನಗೋವಾಗ ಎಡಗೆನ್ನೇಲಿ ಗುಳಿ ಬೀಳ್ತಿತ್ತು ಕಣೇ,” ಎಂದಳು ಚಿಕ್ಕಮ್ಮ. “ಅದನ್ನ ನೋಡೋಕೇ ಬಸ್ ಡ್ರೈವರುಗಳು ಸಾಲು ನಿಲ್ಲೋರು! ಹೆತ್ತ ಮಗಳು ನನ್ನ ಕೇಳ್ತೀಯಲ್ಲೇ? ದೀಪದ ಬುಡದಲ್ಲೇ ಕತ್ಲೆ ಅನ್ನೋದು ಇದಕ್ಕೇ ನೋಡು.”

ಊರಿಗೆಲ್ಲ ಗೊತ್ತಿದ್ದ ಗುಳಿ ರಂಪೈಗೆ ಗೊತ್ತಿರಲಿಲ್ಲ. ನಗುವೆಲ್ಲ ಗಿರಾಕಿಗಳ ಪಾಲಾಗಿ, ದಣಿದ ಮುಖವಷ್ಟೇ ಮನೆಗೆ ಬಂದು ಗೋಡೆಗೆ ತಿರುಗಿ ಮಲಗುತ್ತಿತ್ತು. ಯಾವ ಕಾಲದ್ದೋ ಡ್ರೈವರುಗಳ ಮೇಲೆ ಅವಳಿಗೆ ಹೊಟ್ಟೆಕಿಚ್ಚಾಯಿತು. ಆಮೇಲೆ ನಾಚಿಕೆಯಾಯಿತು.

ಮನೆಗೆ ಬಂದು ಹಾಸಿಗೆಯ ಪಕ್ಕ ಮಂಡಿಯೂರಿದಳು. “ಒಂದ್ಸಲ ನಗವ್ವಾ. ನನ್ನ ನೋಡಿ ನಗು.”

ಅವ್ವ ನಕ್ಕಳು. ಹಳದಿಗಟ್ಟಿದ ಚರ್ಮ ಎಲುಬಿನ ಮೇಲೆ ಸುಕ್ಕಾಯಿತು. ಗುಳಿ ಬೀಳಲು ಕೆನ್ನೆಯೇ ಇರಲಿಲ್ಲ.

“ನೆನಪಿಗೆ ಬಂತಾ?”

“ಇಲ್ಲವ್ವಾ.”

“ನನ್ನ ಮುಖ ನೀನು ನೋಡೇ ಇಲ್ವೇನೇ?”

ರಂಪೈ ಬಿಕ್ಕಿಬಿಕ್ಕಿ ಅತ್ತಳು. ಅವ್ವ ಅವಳ ತಲೆ ಸವರಿದಳು. “ಹೋಗ್ಲಿ ಬಿಡು. ನಿಂಗೆ ಬರೋದನ್ನೇ ಬರಿ,” ಎಂದು ಕಷ್ಟಪಟ್ಟು ಗೋಡೆಯ ಕಡೆ ಹೊರಳಿದಳು.

ಸಡಿಲ ರವಿಕೆಯೊಳಗೆ ಆ ಬೆನ್ನೂ ಉಳಿದಿರಲಿಲ್ಲ. ರಂಪೈ ಕಡ್ಡಿ ಎತ್ತಿದಳು. ಎದುರಿಗೆ ಮಲಗಿದ ಹೆಂಗಸು ಯಾರೆಂದು ಅವಳ ಕೈಗೆ ತಿಳಿಯಲಿಲ್ಲ.