ಎಡಗೈಗೆ ಒಗ್ಗುವ ಪಿಸ್ತೂಲು

ಚಪ್ಪಲಿ ಕೊಳ್ಳಲು ಹೋದರೆ ಮೊದಲು ಕಾಲು ನೋಡುತ್ತಾರೆ. ಪಿಸ್ತೂಲು ಕೊಳ್ಳಲು ಹೋದ ಗುಳಿಗೆಯಕ್ಕನಿಗೆ ಮಾತ್ರ, ನಾಲ್ಕು ಸಲ ಅಂಗಡಿಗೆ ಹೋಗಿ ಬಂದರೂ, ಕೈ ಎಲ್ಲಿ ತೋರಿಸಿ ಎಂದು ಒಬ್ಬರೂ ಕೇಳಿರಲಿಲ್ಲ.

ಇದು ಐದನೆಯ ಸಲ, ಮತ್ತು ಕೊನೆಯದು. ಲೈಸೆನ್ಸು ಬಂದ ಆರು ತಿಂಗಳೊಳಗೆ ಆಯುಧ ಕೊಂಡು ಠಾಣೆಗೆ ತೋರಿಸಬೇಕು. ಇಲ್ಲವಾದರೆ ಅರ್ಜಿ, ಫೋಟೊ, ವೈದ್ಯರ ಸರ್ಟಿಫಿಕೇಟು ಎಲ್ಲ ಮೊದಲಿನಿಂದ. ಆ ಆರು ತಿಂಗಳು ಇವತ್ತು ಸಂಜೆ ಐದಕ್ಕೆ ಮುಗಿಯುತ್ತಿತ್ತು. ಬಂದೂಕಿನಂಗಡಿಯ ಗೋಡೆ ಗಡಿಯಾರದಲ್ಲಿ ಆಗಲೇ ಮೂರೂಕಾಲು.

ಐವತ್ತೆರಡು ವರ್ಷದ ಗುಳಿಗೆಯಕ್ಕನಿಗೆ ಸ್ವಂತ ಹೆಸರೊಂದು ಇತ್ತು. ಅದು ಔಷಧಿ ಅಂಗಡಿಯ ಪರವಾನಗಿಯಲ್ಲಿ ಗಾಜು ಹಾಕಿಸಿಕೊಂಡು ಗೋಡೆ ಹತ್ತಿ ಕೂತಿತ್ತು. ಬೀದಿಗೆಲ್ಲ ಅವಳು ಗುಳಿಗೆಯಕ್ಕ. ಅಪ್ಪನಿಂದ ಬಂದದ್ದು ಅಂಗಡಿ ಮತ್ತು ಅದರ ಮೇಲಿನ ಎರಡು ಕೋಣೆಯ ಮನೆ. ಹುಟ್ಟಿನಿಂದ ಬಂದದ್ದು ಎಡಗೈ. ಕಾನ್ವೆಂಟ್ ಶಾಲೆಯಲ್ಲಿ ಸಿಸ್ಟರು ಅಡಿಪಟ್ಟಿಯ ಅಂಚಿನಲ್ಲಿ ಗೆಣ್ಣಿಗೆ ಹೊಡೆದು ಹೊಡೆದು ಬರವಣಿಗೆಯನ್ನೇನೋ ಬಲಕ್ಕೆ ತಳ್ಳಿದ್ದರು. "ಬಲ ಇರೋದು ಬಲಗೈಯಲ್ಲಿ" ಎಂದು ಅವರು ಹೇಳಿದಾಗ, "ಹಾಗಾದ್ರೆ ಎಡವೋದು ಎಡಗಾಲು ಮಾತ್ರಾನಾ ಸಿಸ್ಟರ್?" ಎಂದು ಕೇಳಿ ಇನ್ನೆರಡು ತಿಂದಿದ್ದಳು. ಬರವಣಿಗೆ ಬಿಟ್ಟು ಉಳಿದದ್ದೆಲ್ಲ ಎಡಕ್ಕೇ ಉಳಿಯಿತು. ಕತ್ತರಿಯಿಂದ ಹಿಡಿದು ಬಾಗಿಲ ಚಿಲಕದವರೆಗೆ ಲೋಕವೆಲ್ಲ ಬಲಗೈಯವರದು. ತನ್ನ ಅಂಗಡಿ ಒಂದನ್ನು ಮಾತ್ರ ಅವಳು ತನಗೆ ಬೇಕಾದ ಹಾಗೆ ತಿರುಗಿಸಿಕೊಂಡಿದ್ದಳು. ಡ್ರಾಯರು ಎಡಕ್ಕೆ, ಮಾತ್ರೆ ಎಣಿಸುವ ತಟ್ಟೆ ಎಡಕ್ಕೆ. ಗಿರಾಕಿಯ ಜೊತೆ ಮಾತಾಡುತ್ತಲೇ ಚಪ್ಪಟೆ ಚಾಕುವಿನಿಂದ ಐದೈದಾಗಿ ಸರಿಸಿದಳೆಂದರೆ, ಮೂವತ್ತು ಎಂದೂ ಮೂವತ್ತೊಂದಾಗುತ್ತಿರಲಿಲ್ಲ.

ಹೆಚ್ಚುಕಡಿಮೆ ಎರಡು ವರ್ಷದ ಹಿಂದೆ ಒಂದು ಮಧ್ಯಾಹ್ನ ಮುಖಕ್ಕೆ ಕರವಸ್ತ್ರ ಕಟ್ಟಿದವನೊಬ್ಬ ಒಳಗೆ ಬಂದು, ತರಕಾರಿ ಹೆಚ್ಚುವ ಚಾಕು ತೋರಿಸಿ, ನಿದ್ದೆ ಮಾತ್ರೆ ಕೇಳಿದ. ಇಪ್ಪತ್ತೆಂಟು ವರ್ಷದ ಅಭ್ಯಾಸ ಸುಮ್ಮನಿರುತ್ತದೆಯೇ? "ಚೀಟಿ ಇದೆಯಾ?" ಎಂದುಬಿಟ್ಟಳು. ಅವನೂ ಒಂದು ಕ್ಷಣ ಜೇಬು ತಡಕಿಕೊಂಡ. ಆಮೇಲೆ ತಾನು ಬಂದ ಕೆಲಸ ನೆನಪಾಗಿ, ಚಾಕುವನ್ನು ಅವಳ ಕತ್ತಿಗೆ ತಾಗಿಸಿ, ಎರಡು ಡಬ್ಬಿ ಒಯ್ದ. ಬೀದಿಯವರೆಲ್ಲ ಚೀಟಿಯ ಕತೆ ಕೇಳಿ ಹೊಟ್ಟೆ ಹಿಡಿದುಕೊಂಡು ನಕ್ಕರು. ಅವಳೂ ನಕ್ಕಳು. ಆದರೆ ಅಂದಿನಿಂದ ಬಾಗಿಲ ಗಂಟೆ ಕಿಣಿ ಎಂದರೆ ಸಾಕು, ತಟ್ಟೆಯ ಮೇಲೆ ಮೂವತ್ತು ಇಪ್ಪತ್ತೊಂಬತ್ತಾಗುತ್ತಿತ್ತು. ಮತ್ತೆ ಎಣಿಸಬೇಕು. ಇದನ್ನು ಅವಳು ಯಾರಿಗೂ ಹೇಳಿರಲಿಲ್ಲ.

ಹೇಳದಿದ್ದರೂ, ಅವಳ ಅಕ್ಕ ತನ್ನ ಗಂಡನನ್ನು ಕಾವಲಿಗೆ ಕಳಿಸಿದಳು. ಭಾವ ಒಂದು ಕಾರ್ಖಾನೆಯ ಗೇಟಿನಲ್ಲಿ ಮೂವತ್ತು ವರ್ಷ ಭದ್ರತೆ ನೋಡಿಕೊಂಡು ನಿವೃತ್ತರಾದವರು. "ನಿಯಮ ಅಂದ್ರೆ ನಿಯಮ" ಎನ್ನುವುದು ಅವರ ಉಸಿರು. ಭಾವನ ಹತ್ತಿರ ಯಾವುದಕ್ಕೂ ಅಭಾವವಿರಲಿಲ್ಲ, ಮೌನವೊಂದನ್ನು ಬಿಟ್ಟು. ಕೌಂಟರಿನ ಎಡಬದಿಗೆ, ಸರಿಯಾಗಿ ಅವಳ ಮೊಣಕೈ ಆಡುವ ಜಾಗಕ್ಕೆ, ಸ್ಟೂಲು ಎಳೆದುಕೊಂಡು, ಅದರ ಮೇಲೊಂದು ದಿಂಬು ಹಾಕಿಕೊಂಡು ಕೂತರು. ಬಂದವರಿಗೆಲ್ಲ ಬಿಟ್ಟಿ ಸಲಹೆ. ರಕ್ತದೊತ್ತಡದ ಮಾತ್ರೆಗೆ ಬಂದ ನಿವೃತ್ತ ಪೋಸ್ಟ್‌ಮಾಸ್ತರರಿಗೆ, "ಮಾತ್ರೆ ಯಾಕೆ ಸ್ವಾಮಿ? ದಿನಾ ನಾಲ್ಕು ಮೈಲಿ ನಡೀರಿ" ಎಂದರು. ಪೋಸ್ಟ್‌ಮಾಸ್ತರರು ನಡೆದರು, ಪಕ್ಕದ ಬೀದಿಯ ಔಷಧಿ ಅಂಗಡಿಗೆ.

"ಅಕ್ಕಾ, ನಿನ್ ಗಂಡನ್ನ ವಾಪಸ್ ತಗೋ" ಎಂದು ಅವಳು ಗೋಗರೆದಾಗ, ಅಕ್ಕ ಒಂದು ಒಪ್ಪಂದಕ್ಕೆ ಬಂದಳು. "ನಿನ್ ಹತ್ರ ಒಂದು ಪಿಸ್ತೂಲು ಅಂತ ಇರ್ಲಿ. ಆಮೇಲೆ ಇವರನ್ನ ನಾನೇ ಹೇಗೋ ಮನೇಲಿ ಸಹಿಸ್ಕೋತೀನಿ."

ಪಿಸ್ತೂಲು ಬಂದರೆ ಭಾವ ಹೋಗುತ್ತಾರೆ. ಚಾಕುವಿನವನ ಭಯಕ್ಕಿಂತ ಈ ಆಸೆಯೇ ಅವಳನ್ನು ಠಾಣೆಯ ಮೆಟ್ಟಿಲು ಹತ್ತಿಸಿದ್ದು. ಆದರೆ ಪಿಸ್ತೂಲು ಆರಿಸಿಕೊಡಲು ಪ್ರತಿಸಲ ಜೊತೆಗೆ ಹೊರಟವರು ಯಾರು? ಇನ್ಯಾರು, ಭಾವನೇ.

"ಬನ್ನಿ ಸಾರ್, ಬನ್ನಿ" ಎಂದು ಬಂದೂಕಿನಂಗಡಿಯವನು ಇವತ್ತೂ ಇದ್ದೊಂದು ಕುರ್ಚಿಯನ್ನು ಭಾವನಿಗೆ ಒರೆಸಿಕೊಟ್ಟ. ಅಂಗಡಿಯೊಳಗೆ ಹೊಲಿಗೆ ಯಂತ್ರದ ಎಣ್ಣೆಯಂಥ ವಾಸನೆ. ಗಾಜಿನ ಕೌಂಟರಿನ ಮೇಲೆ ಹಸಿರು ಬಟ್ಟೆ. ಅವನು ಒಂದೊಂದನ್ನೇ ಹೊರಗೆ ತೆಗೆದು, ಬಿಚ್ಚಿ, ಖಾಲಿಯೆಂದು ತೋರಿಸಿ ಭಾವನ ಕೈಗೆ ಕೊಟ್ಟ. ಲೈಸೆನ್ಸು ಇದ್ದದ್ದು ಇವಳ ಚೀಲದಲ್ಲಿ.

"ಇದು ಪಿಸ್ತೂಲು ಸಾರ್. ಹಿಡಿಕೆ ಒಳಗೆ ಮ್ಯಾಗಜೀನು, ಎಂಟು ಗುಂಡು. ಇದು ರಿವಾಲ್ವರು. ತಿರುಗೋ ಸಿಲಿಂಡರಲ್ಲಿ ಆರು."

"ಆರಕ್ಕೇರಲ್ಲ, ಮೂರಕ್ಕಿಳಿಯಲ್ಲ ಅನ್ನೋರಿಗೆ ಅದು" ಎಂದರು ಭಾವ. "ನಂದು ಮೂವತ್ತು ವರ್ಷ ಪಿಸ್ತೂಲೇ."

"ಎಷ್ಟು ಸಲ ಹಾರಿಸಿದ್ರಿ ಭಾವ?"

"ಹಾರಿಸೋ ಪ್ರಸಂಗಾನೇ ಬರ್ಲಿಲ್ಲಮ್ಮ. ನನ್ನ ನೋಡಿದ್ರೇ ಕಳ್ಳರು ಹಾರಿಹೋಗೋರು."

ನಂಬಬಹುದಾದ ಮಾತೇ. ಅವರನ್ನು ನೋಡಿ ಗಿರಾಕಿಗಳು ಹಾರಿಹೋಗುವುದನ್ನು ಅವಳು ಕಣ್ಣಾರೆ ಕಂಡಿದ್ದಳು.

ಅಂಗಡಿಯವನು ಕೆಳಗಿನಿಂದ ಅಂಗೈಯಗಲದ ಒಂದನ್ನು ತೆಗೆದ. "ಮೇಡಂಗೆ ಅಂದ್ರೆ ಇದು. ಹೆಂಗಸ್ರೆಲ್ಲ ಇದನ್ನೇ ಒಯ್ಯೋದು. ಪರ್ಸಲ್ಲಿ ಕೂರುತ್ತೆ ಸಾರ್."

"ಪರ್ಸಲ್ಲಿ ಕೂರೋದು ನಾನಲ್ಲ, ನಾನು ಅಂಗಡೀಲಿ ಕೂರೋದು" ಎಂದಳು ಗುಳಿಗೆಯಕ್ಕ. "ಇದರ ಅಡ್ಡ ಪರಿಣಾಮ ಏನು?"

"ಅಂದ್ರೆ?"

"ಎಲ್ಲದಕ್ಕೂ ಒಂದಿರುತ್ತಲ್ಲಪ್ಪ. ಇದಕ್ಕೇನು?"

ಐದು ಭೇಟಿಯಲ್ಲಿ ಮೊದಲ ಬಾರಿಗೆ ಅವನು ಅವಳ ಮುಖ ನೋಡಿದ. "ಹಗುರ ಆದಷ್ಟೂ ಒದೆ ಜಾಸ್ತಿ ಮೇಡಂ. ಕೈ ಮೇಲಕ್ಕೆ ಎಗರುತ್ತೆ."

"ಡೋಸು ಚಿಕ್ಕದು, ಒದೆ ದೊಡ್ಡದು. ಬೇಡ" ಎಂದು ಅದನ್ನು ಪಕ್ಕಕ್ಕೆ ಸರಿಸಿ, ಅವಳು ದೊಡ್ಡ ಪಿಸ್ತೂಲನ್ನು ಎತ್ತಿಕೊಂಡಳು.

"ಅಯ್ಯೋ ಮೇಡಂ, ಆ ಕೈಯಲ್ಲ!"

"ನನಗಿರೋದು ಇದೇ ಕೈ."

"ಅಲ್ಲ, ಈ ಸೇಫ್ಟಿ ಕಡ್ಡಿ ನೋಡಿ. ಇದನ್ನ ಹೆಬ್ಬೆರಳಲ್ಲಿ ಒತ್ತಿದ್ರೇನೇ ಹಾರೋದು."

ಕಡ್ಡಿ ಬಲಗೈ ಹೆಬ್ಬೆರಳು ಬೀಳುವ ಮಗ್ಗುಲಲ್ಲಿತ್ತು. ಅವಳ ಹೆಬ್ಬೆರಳು ಇತ್ತ ಕಡೆ ಬೋಳು ಉಕ್ಕನ್ನು ಸವರುತ್ತಿತ್ತು. ಎರಡೂ ಕಡೆ ಕಡ್ಡಿ ಇರುವಂಥದ್ದೂ ಬರುತ್ತದಂತೆ. ತರಿಸಿಕೊಡುತ್ತಾನಂತೆ. ಆರು ವಾರ.

"ನನಗಿರೋದು ಒಂದೂವರೆ ಗಂಟೆ. ರಿವಾಲ್ವರು?"

"ಅದರ ಸಿಲಿಂಡರು ಎಡಕ್ಕೆ ಹೊರಳೋದು ಮೇಡಂ, ಬಲಗೈಯೋರು ಗುಂಡು ತುಂಬೋಕೆ ಸುಲಭ ಆಗ್ಲಿ ಅಂತ. ನೀವು ಒದ್ದಾಡ್ತೀರಾ."

ಲೋಕದಲ್ಲಿ ಎಡಕ್ಕೆ ಹೊರಳುವ ವಸ್ತು ಒಂದು ಸಿಕ್ಕಿತು. ಅದೂ ಬಲಗೈಯವರ ಅನುಕೂಲಕ್ಕೆ!

"ಊರಿಗೊಂದು ದಾರಿಯಾದ್ರೆ ಎಡವಟ್ಟನಿಗೊಂದು ದಾರಿ" ಎಂದು ಭಾವ ನಕ್ಕರು. "ಬಲಗೈ ರೂಢಿ ಮಾಡ್ಕೊಮ್ಮ. ಒಂದು ತಿಂಗಳು ಅಭ್ಯಾಸ ಮಾಡಿದ್ರೆ ತಾನಾಗೇ ಬರುತ್ತೆ. ನಾಳೆ ಇನ್ನೊಂದ್ಸಲ ಬಂದು ನೋಡಿದ್ರಾಯ್ತು."

ಅಡಿಪಟ್ಟಿಯ ಅಂಚು ನಲವತ್ತು ವರ್ಷ ದಾಟಿ ಬಂದು ಗೆಣ್ಣಿಗೆ ತಗುಲಿದಂತಾಯಿತು.

"ನಾಳೆ ಅನ್ನೋದಿಲ್ಲ ಭಾವ! ನಾಲ್ಕು ಸಲ ನಾಳೆ ಅಂದಿದೀರಿ!" ಎಂದವಳೇ ಅಂಗಡಿಯವನ ಕಡೆ ತಿರುಗಿದಳು. "ನೀವು ಸ್ವಲ್ಪ ಈಚೆ ಬನ್ನಿ."

ಅವನು ಯಾಕೆಂದು ಕೇಳುವಷ್ಟರಲ್ಲಿ ಅವಳು ಕೌಂಟರಿನ ಹಿಂದೆ ಅವನದೇ ಸ್ಟೂಲಿನ ಮೇಲೆ ಕೂತಾಗಿತ್ತು. ಎಡಗಡೆಯ ಡ್ರಾಯರಿನಿಂದ ರಸೀದಿ ಪುಸ್ತಕಗಳನ್ನು ಎತ್ತಿ ಹೊರಗಿಟ್ಟಳು. ಖಾಲಿ ಪಿಸ್ತೂಲನ್ನು ಒಳಗಿಟ್ಟು ಮುಚ್ಚಿದಳು. ಕಣ್ಣನ್ನೂ ಮುಚ್ಚಿದಳು.

"ಭಾವ, ಗಂಟೆ ಬಾರಿಸಿ."

"ಎಲ್ಲಿದೆ ಗಂಟೆ?"

"ಬಾಯಲ್ಲೇ ಅನ್ನಿ. ಉಳಿದದ್ದೆಲ್ಲ ಬಾಯಲ್ಲೇ ಮಾಡ್ತೀರಲ್ಲ."

"ಕಿಣಿ" ಎಂದರು ಭಾವ, ಮುಜುಗರದಿಂದ.

ಡ್ರಾಯರು ತೆರೆಯಿತು, ಪಿಸ್ತೂಲು ಗೋಡೆಗೆ ಗುರಿಯಾಯಿತು. ಹೆಬ್ಬೆರಳು ಹುಡುಕಿತು, ಹುಡುಕಿತು, ಸುತ್ತಿ ಬಂದು ಕಡ್ಡಿ ಮುಟ್ಟುವಷ್ಟರಲ್ಲಿ ಅವಳು ಮನಸ್ಸಿನಲ್ಲಿ ಐದು ಎಣಿಸಿದ್ದಳು. ಐದು ಎಣಿಸುವಷ್ಟರಲ್ಲಿ ಚಾಕು ಕತ್ತಿಗೆ ಬಂದಿರುತ್ತದೆ. ಅದು ಅವಳಿಗೆ ಗೊತ್ತಿತ್ತು.

ಈಗ ರಿವಾಲ್ವರು. "ಕಿಣಿ." ಇದಕ್ಕೆ ಕಡ್ಡಿಯೇ ಇಲ್ಲ, ಹೆಬ್ಬೆರಳಿಗೆ ಮಾಡಲು ಕೆಲಸವೂ ಇಲ್ಲ. ಟ್ರಿಗರು ಬಿಗಿಯಾಗಿತ್ತು, ಆದರೆ ಸಿರಪ್ಪಿನ ಬಿಗಿ ಮುಚ್ಚಳಗಳ ಮೇಲೆ ಪಳಗಿದ ಬೆರಳು. ಟಕ್. ಎರಡು ಎಣಿಸುವ ಮೊದಲೇ.

"ಗುಂಡು ತುಂಬೋಕೆ ಒದ್ದಾಡ್ತೀರಲ್ಲ ಮೇಡಂ?"

"ತುಂಬೋದು ಬೆಳಿಗ್ಗೆ, ಕೂತ್ಕೊಂಡು, ನಿಧಾನಕ್ಕೆ. ಅವಸರ ಇರೋದು ತೆಗೆಯೋವಾಗ. ಟ್ರಿಗರಿಗೆ ಎಡ ಬಲ ಗೊತ್ತಿಲ್ಲ ನೋಡಿ, ಅಷ್ಟು ಸಾಕು. ಬರೀರಿ ರಸೀದಿ."

ಠಾಣೆಯಲ್ಲಿ ಲೈಸೆನ್ಸಿಗೆ ಮೊಹರು ಬಿದ್ದಾಗ ಐದಕ್ಕೆ ಹತ್ತು ನಿಮಿಷ ಇತ್ತು. ಬಸ್ಸಿನಲ್ಲಿ ಅವಳು ಲೈಸೆನ್ಸಿನ ಹಿಂಬದಿಯ ಷರತ್ತುಗಳನ್ನು ಒಂದೂ ಬಿಡದೆ ಓದಿದಳು. ಔಷಧಿಯ ಡಬ್ಬಿಯಲ್ಲಿ ಮಡಚಿಟ್ಟ ಇರುವೆಯಕ್ಷರದ ಕಾಗದವನ್ನು ಪೂರ್ತಿ ಓದುವವಳು ಆ ಬೀದಿಯಲ್ಲಿ ಅವಳೊಬ್ಬಳೇ. ಪಕ್ಕದಲ್ಲಿ ಭಾವ, ಪಿಸ್ತೂಲೇ ಆಗಬೇಕಿತ್ತು ಎಂದು ಒಂಬತ್ತು ನಿಲ್ದಾಣದವರೆಗೂ ಹೇಳುತ್ತಿದ್ದರು.

ಮರುದಿನ ಮಧ್ಯಾಹ್ನ ಎರಡಕ್ಕೆ ಬಾಗಿಲ ಗಂಟೆ ಕಿಣಿ ಎಂದಿತು. ಭಾವ ಒಳಗೆ ಬಂದು, ದಿಂಬು ಕೊಡವಿ, ಸ್ಟೂಲಿನ ಮೇಲೆ ಹಾಕಿ ಕೂತರು.

"ಭಾವ, ಅಕ್ಕ ಏನೂ ಹೇಳ್ಲಿಲ್ವಾ?"

"ಹೋಗ್ಬೇಡಿ ಅಂದ್ಲು. ಆದ್ರೆ ಯೋಚ್ನೆ ಮಾಡಮ್ಮ. ನೀನು ಔಷಧಿ ತರೋಕೆ ಒಳಗೆ ಹೋಗ್ತೀಯ. ಆ ರಿವಾಲ್ವರ್ನೇ ಯಾರಾದ್ರೂ ಹೊಡ್ಕೊಂಡು ಹೋದ್ರೆ?"

ಅಂಗಡಿಗೆ ಕಾವಲು ರಿವಾಲ್ವರು. ರಿವಾಲ್ವರಿಗೆ ಕಾವಲು ಭಾವ. ಒಂದೂಮುಕ್ಕಾಲು ವರ್ಷದ ಅಲೆದಾಟ ಗಾಣದೆತ್ತಿನ ಹಾಗೆ ಹೊರಟಲ್ಲಿಗೇ ಬಂದು ನಿಂತಿತ್ತು.

ಅವಳು ಲೈಸೆನ್ಸು ತೆಗೆದು, ಹಿಂಬದಿಗೆ ತಿರುಗಿಸಿ, ಬೆರಳಿಟ್ಟು ಓದಿದಳು. "ಷರತ್ತು ನಾಲ್ಕು. ಲೈಸೆನ್ಸುದಾರರನ್ನು ಬಿಟ್ಟು ಅನ್ಯರ ಕೈಗೆ ಎಟುಕುವಂತೆ ಆಯುಧವನ್ನು ಇಡತಕ್ಕದ್ದಲ್ಲ."

"ನಾನು ಅನ್ಯನೇನಮ್ಮ?"

"ನನಗಲ್ಲ ಭಾವ, ನಿಯಮಕ್ಕೆ. ಕೈ ಚಾಚಿ ನೋಡೋಣ."

ಭಾವ ಕೈ ಚಾಚಿದರು. ಬೆರಳ ತುದಿ ರಿವಾಲ್ವರಿದ್ದ ಡ್ರಾಯರಿನ ಹಿಡಿಗೆ ಬಡಿಯಿತು.

"ಎಟುಕುತ್ತೆ" ಎಂದಳು ಗುಳಿಗೆಯಕ್ಕ.

ಭಾವ ಬೆರಳನ್ನು ಹಿಂದಕ್ಕೆ ಎಳೆದುಕೊಂಡರು. "ನಿಯಮ ಅಂದ್ರೆ ನಿಯಮ" ಎಂದು ಕ್ಷೀಣವಾಗಿ ಹೇಳಿ, ಸ್ಟೂಲು, ದಿಂಬು ಎರಡನ್ನೂ ಕಂಕುಳಲ್ಲಿ ಇರುಕಿಕೊಂಡು ಹೊರಗೆ ನಡೆದರು. ಒಂದೂಮುಕ್ಕಾಲು ವರ್ಷದ ಮೇಲೆ ಅವಳ ಎಡ ಮೊಣಕೈ ಪೂರ್ತಿ ಚಾಚಿಕೊಂಡಿತು. ತಟ್ಟೆಗೆ ಮಾತ್ರೆ ಸುರಿದಳು. ಮೂವತ್ತು. ಸುಮ್ಮನೆ ಸಂತೋಷಕ್ಕೆ ಇನ್ನೊಂದು ಸಲ ಎಣಿಸಿದಳು. ಮೂವತ್ತೇ.

ಮೂರೂವರೆಯಾಯಿತು. ನಾಲ್ಕಾಯಿತು. ಒಂದು ನರಪಿಳ್ಳೆಯೂ ಒಳಗೆ ಬರಲಿಲ್ಲ. ಅನುಮಾನ ಬಂದು ಬಾಗಿಲ ಗಾಜಿನಲ್ಲಿ ಇಣುಕಿದಳು. ಹೊಸ್ತಿಲಿನಿಂದ ಎರಡೇ ಅಡಿ ಆಚೆ, ಪಾದಚಾರಿ ದಾರಿಯಲ್ಲಿ, ಸ್ಟೂಲು. ಸ್ಟೂಲಿನ ಮೇಲೆ ದಿಂಬು. ದಿಂಬಿನ ಮೇಲೆ ಭಾವ.

"ಹುಷಾರು ಸ್ವಾಮಿ" ಎಂದು ಯಾರಿಗೋ ಹೇಳುತ್ತಿದ್ದರು. "ಒಳಗೆ ರಿವಾಲ್ವರ್ ಇದೆ, ತುಂಬಿದ್ದು. ಎಡಗೈ ಬೇರೆ. ಕೈ ಎರಡೂ ಕಾಣೋ ಹಾಗಿರ್ಲಿ."

ಕಿಣಿ. ಬಾಗಿಲನ್ನು ಭುಜದಿಂದ ನೂಕಿಕೊಂಡು ಪೋಸ್ಟ್‌ಮಾಸ್ತರರು ಒಳಗೆ ಬಂದರು. ಎರಡು ಕೈಯೂ ತಲೆಯ ಮೇಲಿದ್ದವು. ಒಂದರಲ್ಲಿ ಬಿಳಿ ಕಾಗದ ಪಟಪಟಿಸುತ್ತಿತ್ತು.

"ಚೀಟಿ ತಂದಿದೀನಮ್ಮ" ಎಂದರು.

"ಕೈ ಇಳಿಸಿ ಸ್ವಾಮಿ" ಎಂದು ಅವಳು ಕೌಂಟರಿನಾಚೆಗೆ ಬಗ್ಗಿ ಎಡಗೈಯಲ್ಲಿ ಚೀಟಿ ತೆಗೆದುಕೊಂಡಳು. ಹೊರಗಿನಿಂದ ಭಾವ ಗಾಜಿಗೆ ಮೂಗು ಒತ್ತಿ, ಎಲ್ಲ ಕ್ಷೇಮವೆಂಬಂತೆ ತಲೆಯಾಡಿಸಿದರು. ಅವಳು ಹಲ್ಲು ಕಚ್ಚಿ ಮಾತ್ರೆ ಸರಿಸಿದಳು. ಇಪ್ಪತ್ತೊಂಬತ್ತು. ಮತ್ತೆ ಸುರಿದು ಎಣಿಸಿದಳು. ಇಪ್ಪತ್ತೊಂಬತ್ತು.

"ಒಂದು ಕಡಿಮೆಯಾದ್ರೂ ಪರವಾಗಿಲ್ಲಮ್ಮ" ಎಂದರು ಪೋಸ್ಟ್‌ಮಾಸ್ತರರು, ಕೈಯನ್ನು ಕಿವಿಯ ಮಟ್ಟಕ್ಕಿಂತ ಕೆಳಗೆ ಇಳಿಸದೆ.