ಅಕ್ಕನ ದೇಶದ ಕತೆಗಳು

ಹೊಲಿಗೆ ಅಂಗಡಿಯಲ್ಲಿ ಎಲ್ಲರೂ ಅವಳನ್ನು ಕಾಜಮ್ಮ ಅಂತಲೇ ಕರೆಯುತ್ತಿದ್ದರು. ಔಷಧಿ ಅಂಗಡಿಯ ಮೇಲಿನ ಮಹಡಿಯಲ್ಲಿ ಆರು ಹೊಲಿಗೆ ಯಂತ್ರಗಳು, ಅವುಗಳಾಚೆ ಕಿಟಕಿಯ ಬೆಳಕಿಗೆ ಒಂದು ಸ್ಟೂಲು. ಆ ಸ್ಟೂಲು ಅವಳದು. ಅಂಗಿಯ ಗುಂಡಿ ತೂತಿಗೆ ಕೈಯಲ್ಲೇ ಕಾಜಾ ಮಾಡಿ ಗುಂಡಿ ಹಚ್ಚುವುದು ಅವಳ ಇಪ್ಪತ್ತೆರಡು ವರ್ಷದ ಕೆಲಸ. ಯಂತ್ರದ ಕಾಜಾ ಆರು ತಿಂಗಳಿಗೆ ದಾರ ಬಿಡುತ್ತದೆ, ಕಾಜಮ್ಮನದು ಅಂಗಿ ಹರಿದರೂ ಬಿಡುವುದಿಲ್ಲ ಎಂದು ಅಂಗಡಿಯ ಮಾಸ್ಟರು ಗಿರಾಕಿಗಳ ಮುಂದೆ ಕೊಚ್ಚಿಕೊಳ್ಳುತ್ತಿದ್ದರು.

ಅವಳಿಗಿದ್ದದ್ದು ಒಬ್ಬಳೇ ಅಕ್ಕ. ಕಾಜಮ್ಮನಿಗೆ ಹದಿನೇಳು ತುಂಬಿದ ವರ್ಷ, ವಯಸ್ಸಾದವರನ್ನು ನೋಡಿಕೊಳ್ಳುವ ಕೆಲಸ ಹಿಡಿದು ಅಕ್ಕ ಸಮುದ್ರದಾಚೆಯ ಒಂದು ಚಳಿ ದೇಶಕ್ಕೆ ಹೋದಳು. ಎರಡೇ ವರ್ಷ ಅಂತ ಹೋದವಳು. ಎರಡು ಐದಾಯಿತು, ಐದು ಹತ್ತಾಯಿತು, ಹತ್ತು ಇಪ್ಪತ್ತೆಂಟಕ್ಕೆ ಬಂದು ಮುಟ್ಟಿತು. ನಡುವೆ ಎರಡು ಸಲ ಬಂದು ಮುಖ ತೋರಿಸಿ ಹೋಗಿದ್ದಳು, ಅಷ್ಟೆ. ಅಮ್ಮ ತೀರಿಕೊಂಡಾಗಲೂ ರಜೆ ಸಿಗಲಿಲ್ಲ.

ಭಾನುವಾರ ಬೆಳಿಗ್ಗೆ ತಪ್ಪದೆ ಫೋನು ಬರುತ್ತಿತ್ತು.

"ತಿಂಡಿ ಆಯ್ತಾ?"

"ಆಯ್ತಕ್ಕ. ಅಲ್ಲಿ ಹೇಗಿದೆ?"

"ಚಳಿ."

ಅಕ್ಕ ಮೊದಲಿನಿಂದಲೂ ಅಳೆದು ತೂಗಿ ಮಾತಾಡುವವಳು. ಅಲ್ಲಿಗೆ ಹೋದ ಮೇಲೆ ಇದ್ದ ನಾಲ್ಕು ಮಾತೂ ಹೆಪ್ಪುಗಟ್ಟಿದ್ದವು.

ಅಂಥವಳು ಒಂದು ಭಾನುವಾರ ಇದ್ದಕ್ಕಿದ್ದಂತೆ, "ನನಗೆ ಬರೋಕಾಗಲ್ಲ ಕಣೆ, ನೀನೇ ಬಂದು ಹೋಗು" ಎಂದುಬಿಟ್ಟಳು. ಕಾಜಮ್ಮನಿಗೆ ಕಾಲು ನೆಲಕ್ಕೆ ತಾಗಲಿಲ್ಲ. ಬೇಕಾದ ಕಾಗದಗಳನ್ನೆಲ್ಲ ಜೋಡಿಸಿಕೊಂಡು, ರಜೆ ಹಾಕಿ, ವೀಸಾ ಕಚೇರಿಯ ಸಾಲಿನಲ್ಲಿ ನಿಂತಳು. ಗಾಜಿನಾಚೆ ಕೂತ ಹೆಂಗಸು ತಲೆ ಎತ್ತದೆ ಕೇಳಿದಳು, "ಆ ದೇಶದ ಬಗ್ಗೆ ನಿಮಗೇನು ಗೊತ್ತು?"

"ಅಲ್ಲಿ ನಮ್ಮಕ್ಕ ಇದ್ದಾಳೆ."

"ಅದು ಸರಿ. ಬೇರೆ?"

ಕಾಜಮ್ಮ ಯೋಚಿಸಿ ಯೋಚಿಸಿ, "ಚಳಿ" ಎಂದಳು.

ಯಾವುದೋ ಕಾಗದ ಸಾಲದು, ಆರು ತಿಂಗಳು ಬಿಟ್ಟು ಬನ್ನಿ ಎಂದು ಕಳಿಸಿದರು. ಕಾಗದದ ಮಾತು ಅವಳ ಮನಸ್ಸಿಗೆ ತಾಗಲೇ ಇಲ್ಲ. ಅಕ್ಕ ಒಂದು ಆಯುಷ್ಯವನ್ನೇ ಕಳೆದ ನೆಲ, ಅದರ ಬಗ್ಗೆ ತನ್ನ ಹತ್ತಿರ ಇರುವುದು ಒಂದೇ ಮಾತಾ? ಬಸ್ಸಿನಲ್ಲಿ ಕೂತು ಮನೆ ಮುಟ್ಟುವವರೆಗೂ ಅದೇ ಕೊರೆಯುತ್ತಿತ್ತು.

ಮರುದಿನ ಕೆಲಸ ಮುಗಿಸಿ ಸೀದಾ ಲೈಬ್ರರಿಗೆ ಹೋದಳು. ಆ ದೇಶದ್ದು ಕನ್ನಡಕ್ಕೆ ಬಂದ ಪುಸ್ತಕ ಇದ್ದದ್ದು ಎರಡೇ. ಒಂದು ದಪ್ಪನೆಯ ಕತೆಗಳ ಸಂಗ್ರಹ, ಒಂದು ತೆಳ್ಳನೆಯ ಕವಿತೆಗಳದು. ಶಾಲೆ ಬಿಟ್ಟ ಮೇಲೆ ಅವಳು ಓದಿದ್ದು ಅಳತೆ ಚೀಟಿಗಳನ್ನು ಮಾತ್ರ. ಮೊದಲ ಕತೆಗೇ ನಾಲ್ಕು ದಿನ ಹಿಡಿಯಿತು. ಹೆಂಡತಿಯ ಕೋಟಿನ ಜೇಬಿನಲ್ಲಿ ಸಿಕ್ಕ ಬೀಗದ ಕೈ ಹಿಡಿದು ಊರಿನ ಬಾಗಿಲುಗಳಿಗೆಲ್ಲ ಹಾಕಿ ನೋಡುತ್ತಾ ಹೋಗುವ ವಿಧುರನ ಕತೆ. ಅದನ್ನು ಮಧ್ಯಾಹ್ನ ಬುತ್ತಿ ಬಿಚ್ಚುವ ಹೊತ್ತಿಗೆ ಅಂಗಡಿಯ ಹೆಂಗಸರಿಗೆ ಹೇಳಿದಳು. ಕಾಲರು ಹೊಲಿಯುವ ಹಿರಿಯಾಕೆ ತುತ್ತು ಕೈಯಲ್ಲೇ ಹಿಡಿದು, "ಅಯ್ಯೋ ಪಾಪ, ಬಾಗಿಲು ಸಿಕ್ತಾ ಇಲ್ವಾ?" ಎಂದಳು. ಅಲ್ಲಿಂದ ಅದು ದಿನದ ಪರಿಪಾಠವಾಯಿತು. "ನಿಮ್ಮಕ್ಕನ ದೇಶದಲ್ಲಿ ಇವತ್ತೇನು ವಿಶೇಷ?" ಎಂದು ಮಾಸ್ಟರೂ ಕತ್ತರಿ ಕೆಳಗಿಟ್ಟು ಬಂದು ಕೂರತೊಡಗಿದರು.

ಅವಳ ಗಂಡ ಬಸ್ ಕಂಡಕ್ಟರ್. "ನನ್ನ ಬಸ್ಸಲ್ಲಿ ಟಿಕೆಟ್ ಇಲ್ಲದೆ ಒಂದು ನೊಣವೂ ಕೂರೋ ಹಾಗಿಲ್ಲ. ನನ್ನ ಹೆಂಡತಿ ನೋಡಿದ್ರೆ ದಿನಾ ಪರದೇಶಕ್ಕೆ ಪುಕ್ಕಟೆ ಹೋಗಿ ಬರ್ತಾಳೆ" ಎಂದು ನೆರೆಯವರಿಗೆಲ್ಲ ಹೇಳಿಕೊಂಡು ನಗುತ್ತಿದ್ದ.

ಆದರೆ ಅವಳು ಆ ಪುಟಗಳಲ್ಲಿ ಹುಡುಕುತ್ತಿದ್ದದ್ದು ಅಕ್ಕನನ್ನು. ಯಾವ ಕತೆಯಲ್ಲಿ ರೋಗಿಯ ಮಂಚ ಬಂದರೂ ಅದರ ಪಕ್ಕದಲ್ಲಿ ಯಾರು ನಿಂತಿದ್ದಾರೆ ಎಂದು ಕಣ್ಣು ಓಡುತ್ತಿತ್ತು. ಕೊನೆಗೂ ಒಬ್ಬಳು ಸಿಕ್ಕಳು. ಬೇರೆ ಯಾವುದೋ ದೇಶದಿಂದ ಬಂದು ಮುದಿ ನ್ಯಾಯಾಧೀಶನೊಬ್ಬನನ್ನು ನೋಡಿಕೊಳ್ಳುವವಳು. ಗುರುವಾರ ಬಿಡುವು. ಆ ದಿನ ರೈಲು ನಿಲ್ದಾಣಕ್ಕೆ ಹೋಗಿ ಬೆಂಚಿನ ಮೇಲೆ ಕೂತು, ಹೊರಡುವವರನ್ನು ನೋಡಿ, ಸಂಜೆಯೊಳಗೆ ವಾಪಸಾಗುತ್ತಾಳೆ. ಕಾಜಮ್ಮ ಆ ಕತೆಯನ್ನು ಅಂಗಡಿಯಲ್ಲಿ ಹೇಳಲಿಲ್ಲ. ಒಬ್ಬಳೇ ಏಳು ಸಲ ಓದಿದಳು. ಭಾನುವಾರ ತಡೆಯಲಾರದೆ ಕೇಳಿಯೇಬಿಟ್ಟಳು, "ಅಕ್ಕಾ, ನೀನು ಬಿಡುವಿದ್ದಾಗ ಸ್ಟೇಷನ್ನಿಗೆ ಹೋಗ್ತೀಯಾ?"

"ಸ್ಟೇಷನ್ನಿಗೆ ಯಾಕೆ? ಬಿಡುವಿದ್ದಾಗ ನಿದ್ದೆ ಮಾಡ್ತೀನಿ. ನಿನಗೇನು ತಲೆ ಕೆಟ್ಟಿದೆಯಾ?"

ಆರು ತಿಂಗಳಿಗೆ ವೀಸಾ ಬಂತು. ಈ ಸಲ ಗಾಜಿನಾಚೆಯವರು ಆ ದೇಶದ ಬಗ್ಗೆ ಏನೂ ಕೇಳಲೇ ಇಲ್ಲ. ಹೇಳಲು ಅಷ್ಟೊಂದು ಇತ್ತು, ಎಲ್ಲ ಬಾಯಲ್ಲೇ ಉಳಿಯಿತು.

ವಿಮಾನ ನಿಲ್ದಾಣದಲ್ಲಿ ಅಕ್ಕ ಅವಳನ್ನು ಗುರುತು ಹಿಡಿದಳು, ಅವಳಿಗೆ ಅಕ್ಕನ ಗುರುತು ಹತ್ತಲಿಲ್ಲ. ಕೂದಲು ಪೂರಾ ಬೆಳ್ಳಗಾಗಿತ್ತು. ಹಾಸಿಗೆ ಹಿಡಿದವರನ್ನು ಎತ್ತಿ ಎತ್ತಿ ಒಂದು ಭುಜ ಇಳಿಬಿದ್ದಿತ್ತು. ಅಕ್ಕ ಇದ್ದದ್ದು ತಾನು ನೋಡಿಕೊಳ್ಳುವ ಮುದುಕಿಯ ಮನೆಯಲ್ಲೇ, ನಾಲ್ಕನೆಯ ಮಹಡಿಯಲ್ಲಿ. ಮುದುಕಿ ಒಂದು ಕಾಲದಲ್ಲಿ ಶಾಲೆಯ ಟೀಚರಂತೆ. ಅಕ್ಕ ಅವರನ್ನು ಟೀಚರಮ್ಮ ಎಂದೇ ಕರೆಯುತ್ತಿದ್ದಳು. ಅವರ ಮಂಚದ ಕೋಣೆ, ಅಡುಗೆಮನೆ, ನಡುವೆ ಕಪಾಟು ಸರಿಸಿ ಮಾಡಿದ ಅಕ್ಕನ ಮೂಲೆ. ಆ ಮೂಲೆಯಲ್ಲಿ ಮೂರು ವಾರ ಅಕ್ಕತಂಗಿಯರು ಒಂದೇ ಹಾಸಿಗೆಯಲ್ಲಿ, ಚಿಕ್ಕಂದಿನ ಹಾಗೆ, ಒಬ್ಬರ ಮೊಣಕೈಯಿಂದ ಒಬ್ಬರು ತಿವಿಸಿಕೊಂಡು ಮಲಗಿದರು.

"ಕಲ್ಲಿನ ಸೇತುವೆ ಎಲ್ಲಿದೆ ಅಕ್ಕ?" ಎಂದು ಎರಡನೆಯ ದಿನವೇ ಕೇಳಿದಳು.

"ಯಾವ ಸೇತುವೆ?"

"ನದಿ ಮೇಲಿರೋದು. ಇದೇ ಊರಲ್ಲಿ ಇದೆಯಂತೆ, ಪದ್ಯದಲ್ಲಿ ಬರುತ್ತೆ."

ಅಕ್ಕ ನೋಡಿರಲಿಲ್ಲ. ಮನೆಯಿಂದ ಇಪ್ಪತ್ತು ನಿಮಿಷದ ದಾರಿ. ಮಾರುಕಟ್ಟೆ, ಔಷಧಿ ಅಂಗಡಿ, ಆಸ್ಪತ್ರೆ ಬಿಟ್ಟರೆ ಅವಳಿಗೆ ಊರೇ ಗೊತ್ತಿರಲಿಲ್ಲ. ತಂಗಿಯೇ ಅಕ್ಕನ ಬಾಯಿಂದ ದಾರಿ ಕೇಳಿಸಿ ಕರೆದೊಯ್ದಳು. ಹೋಗಿ ನೋಡಿದರೆ ರಿಪೇರಿಯೆಂದು ಸೇತುವೆಗೆ ತಗಡು ಮುಚ್ಚಿದ್ದರು. ಎರಡು ತಗಡುಗಳ ಸಂದಿಯಲ್ಲಿ ಕಣ್ಣಿಟ್ಟು, ಸರದಿಯ ಮೇಲೆ ನೀರು ನೋಡಿದರು. ಅಲ್ಲೇ ನಿಂತು ಕಾಜಮ್ಮ ಬಾಯಿಪಾಠವಾಗಿದ್ದ ಆ ಸೇತುವೆಯ ಪದ್ಯದ ನಾಲ್ಕು ಸಾಲು ಹೇಳಿದಳು:

ನದಿಯೇ, ನೀನು ಹೋಗುವುದ ದಿನವೂ ನೋಡುತ್ತೇನೆ,
ಆದರೂ ನೀನು ಇಲ್ಲೇ ಇದ್ದೀಯ.
ನಾನು ಇಲ್ಲೇ ನಿಂತಿದ್ದೇನೆ,
ಆದರೂ ಎಂದೋ ಹೊರಟುಹೋಗಿದ್ದೇನೆ.

ಅಕ್ಕ ಕೋಟಿನ ಗುಂಡಿಯನ್ನು ಹಾಕಿದಳು, ತೆಗೆದಳು, ಮತ್ತೆ ಹಾಕಿದಳು. "ಇನ್ನೊಂದ್ಸಲ ಹೇಳು" ಎಂದಳು.

ಮನೆಗೆ ಬಂದು ಟೀಚರಮ್ಮನಿಗೆ ಗಂಜಿ ಕುಡಿಸುವಾಗ, ಅಕ್ಕನಿಗೆ ಏನನ್ನಿಸಿತೋ, ತನಗೆ ಬರುವ ಮುರುಕು ಭಾಷೆಯಲ್ಲಿ ಆ ಸಾಲುಗಳನ್ನು ಹೇಳಲು ನೋಡಿದಳು. ಒಂಬತ್ತು ವರ್ಷದಿಂದ ಆ ಇಬ್ಬರ ನಡುವೆ ನಡೆದ ಮಾತೆಂದರೆ ಈ ಕಡೆ ತಿರುಗಿ, ಬಾಯಿ ತೆಗೀರಿ, ನೋವಿದೆಯಾ, ಇಷ್ಟೇ. ಟೀಚರಮ್ಮ ಕಣ್ಣು ಬಿಟ್ಟರು. ಮೊದಲು ಅಕ್ಕನ ಒಂದು ತಪ್ಪು ಶಬ್ದವನ್ನು, ಮೇಜು ಕುಟ್ಟುವಂತೆ ಹಾಸಿಗೆ ಕುಟ್ಟಿ, ತಿದ್ದಿದರು. ಆಮೇಲೆ ಪೂರ್ತಿ ಪದ್ಯವನ್ನು ತಾವೇ ಹೇಳಿದರು. ಕಾಜಮ್ಮನಿಗೆ ಒಂದು ಅಕ್ಷರವೂ ತಿಳಿಯದು. ಆದರೆ ಎರಡೆರಡು ಸಾಲಿಗೆ ದನಿ ಏರಿ ಇಳಿಯುವುದರಲ್ಲೇ ಅದು ಅದೇ ಅಂತ ಗೊತ್ತಾಯಿತು. ಮುಗಿಸಿ, ಟೀಚರಮ್ಮ ಅಕ್ಕನ ಮುಖ ನೋಡಿ ಏನೋ ಕೇಳಿದರು. ಅಕ್ಕ ಲೋಟ ಹಿಡಿದು ನಿಂತೇ ಒಂದು ಶಬ್ದ ಹೇಳಿದಳು.

"ಏನಂತೆ ಅಕ್ಕ?"

"ನಿನ್ನ ಊರಲ್ಲಿ ನದಿ ಇದೆಯಾ ಅಂತ." ಅಕ್ಕ ಲೋಟವನ್ನು ಮೇಜಿನ ಮೇಲಿಟ್ಟಳು. "ಒಂಬತ್ತು ವರ್ಷದಲ್ಲಿ ಇವತ್ತೇ ಇವರು ನನ್ನ ಊರಿನ ಸುದ್ದಿ ಕೇಳಿದ್ದು."

"ಏನಂದೆ?"

"ಇದೆ ಅಂದೆ. ಅದಕ್ಕಿಂತ ಹೆಚ್ಚು ಹೇಳೋಕೆ ನನಗೆ ಈ ಭಾಷೆ ಬರಲ್ಲ."

ಹೊರಡುವ ಹಿಂದಿನ ದಿನ ಚೀಲ ಕಟ್ಟುತ್ತಾ ಕಾಜಮ್ಮ ಮನಸ್ಸಿನಲ್ಲಿದ್ದದ್ದನ್ನು ಹೊರಗೆ ಹಾಕಿದಳು. "ಸಾಕಕ್ಕ. ಬಂದುಬಿಡು ನನ್ನ ಜೊತೆ."

"ಈಕೆಯನ್ನ ಹೀಗೆ ಬಿಟ್ಟಾ?" ಅಕ್ಕ ಮಡಿಸಿಟ್ಟ ಬಟ್ಟೆಯನ್ನೇ ಮತ್ತೆ ಮಡಿಸಿದಳು. "ಅಲ್ಲೂ ನನಗೀಗ ಏನು ಗೊತ್ತಿದೆ ಹೇಳು. ಹೋದ ಸಲ ಬಂದಾಗ ನಮ್ಮ ಬೀದಿಯಲ್ಲೇ ದಾರಿ ತಪ್ಪಿದ್ದೆ, ನಿನಗೆ ಹೇಳಿರಲಿಲ್ಲ." ಮಡಿಸಿದ್ದನ್ನು ಚೀಲಕ್ಕಿಡುತ್ತಾ ಕೇಳಿದಳು, "ಆ ಕತೆಗಳಲ್ಲಿ ನಾನು ಎಲ್ಲಾದರೂ ಇದ್ದೆನಾ?"

"ಒಬ್ಬಳಿದ್ದಳು, ನೀನೇ ಅಂದ್ಕೊಂಡಿದ್ದೆ. ಬಂದು ನೋಡಿದ್ರೆ ಅವಳು ನೀನಲ್ಲ."

"ಅವಳೇನು ಮಾಡ್ತಿದ್ದಳು?"

ಕಾಜಮ್ಮ ಹೇಳಿದಳು. ಅಕ್ಕ ಕೇಳಿ, "ಅವಳಿಗಾದರೂ ಗುರುವಾರ ಅಂತ ಒಂದಿತ್ತು ಬಿಡು" ಎಂದು ನಕ್ಕಳು. ನಗುತ್ತಾ ನಗುತ್ತಾ ತಂಗಿಯ ತೋಳಿಗೆ ಹಣೆ ಆನಿಸಿದಳು.

ಮುಂದಿನ ವರ್ಷ ಟೀಚರಮ್ಮ ತೀರಿಕೊಂಡರು. ಕಾಜಮ್ಮ ಆಸೆಯಿಂದ ದಾರಿ ನೋಡಿದಳು. ಅಕ್ಕ ಬರಲಿಲ್ಲ. ಅದೇ ದೇಶದಲ್ಲಿ, ಬೆಟ್ಟದ ಮೇಲಿನ ಇನ್ನೊಂದು ಊರಿನ ಇನ್ನೊಂದು ಮನೆಗೆ ಹೋದಳು. ಆ ಊರಿನ ಹೆಸರು ಯಾವ ಕತೆಯಲ್ಲೂ, ಯಾವ ಪದ್ಯದಲ್ಲೂ ಇರಲಿಲ್ಲ.

"ಹೇಗಿದೆಯಕ್ಕ ಊರು?" ಎಂದಳು ಕಾಜಮ್ಮ ಆ ಭಾನುವಾರ.

ಚಳಿ ಅನ್ನುತ್ತಾಳೆ ಎಂದುಕೊಂಡಿದ್ದಳು. ಆದರೆ ಅಕ್ಕ, ಒಂದೊಂದೇ ಮಾತು ಹೆಕ್ಕುತ್ತಾ, "ಕಿಟಕಿ ಚಿಕ್ಕದು. ಎದುರು ಮನೆಯವರು ಬೆಳಿಗ್ಗೆ ಕಂಬಳಿ ಕೊಡವುತ್ತಾರೆ. ಇಬ್ಬರು ಹೆಂಗಸರು. ಒಬ್ಬಳು ಆ ತುದಿ, ಒಬ್ಬಳು ಈ ತುದಿ. ಅಕ್ಕತಂಗಿ ಇರಬೇಕು" ಎಂದು ಶುರು ಮಾಡಿದಳು.

ಪಾಳಿ ಮುಗಿಸಿ ಗಂಡ ಬಂದು ಟಿಕೆಟ್ ಚೀಲ ಗೂಟಕ್ಕೆ ಹಾಕಿದಾಗಲೂ ಕಾಜಮ್ಮ ಫೋನನ್ನು ಕಿವಿಗೆ ಒತ್ತಿ ಹಿಡಿದೇ ಕೂತಿದ್ದಳು.